ಹೆಂಚಿನ ಚಾವಣಿಯ ಹಳೆಯ ಮರದ ಟ್ರಸ್ಸನ್ನು ಪರೀಕ್ಷಿಸಿ ಉಳಿಸಿಕೊಳ್ಳುವ ಕ್ರಮ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಫ್ರೇಜರ್ ಟೌನ್, ರಿಚ್ಮಂಡ್ ಟೌನ್‌ಗಳಲ್ಲಿ ಇನ್ನೂ ಉಳಿದುಕೊಂಡಿರುವ ಹೆಂಚಿನ ಕಟ್ಟಡಗಳು ಸೋರತೊಡಗಿದಾಗ ಮಾಲೀಕರ ಕಿವಿಗೆ ಮೊದಲು ಬೀಳುವ ಸಲಹೆ, ಮರವೆಲ್ಲ ಹಾಳಾಗಿದೆ, ಇಳಿಸಿ ಆರ್‌ಸಿಸಿ ಹಾಕಿಸಿಬಿಡಿ ಎಂಬುದು. ಇಂಥ ಚಾವಣಿಗಳ ಕೆಳಗೆ ಏಣಿ ಹಾಕಿ ಒಂದೊಂದು ತೊಲೆಯನ್ನೂ ಮುಟ್ಟಿ ನೋಡುವ ಕೆಲಸದಲ್ಲಿ ನಾನು ಕಂಡದ್ದು ಬೇರೆ. ನೂರು ವರ್ಷ ದಾಟಿದ ತೇಗದ ಟ್ರಸ್ಸಿನ (ಚಾವಣಿ ಹೊರುವ ತ್ರಿಕೋನ ಚೌಕಟ್ಟಿನ) ನಡುಭಾಗ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಹಾಳಾಗಿರುವುದು ಗೋಡೆಯೊಳಗೆ ಹುದುಗಿರುವ ತುದಿಯ ಒಂದೆರಡು ಅಡಿ ಮಾತ್ರ. ಆ ಒಂದೆರಡು ಅಡಿಯನ್ನು ಹೇಗೆ ಪತ್ತೆ ಮಾಡಬೇಕು, ಅದರ ಮೇಲೆ ಎಷ್ಟು ಬಲ ಬೀಳುತ್ತದೆಂದು ಹೇಗೆ ಲೆಕ್ಕ ಹಾಕಬೇಕು, ಉಳಿದ ಚಾವಣಿಯನ್ನು ಕೆಡಿಸದೆ ಅದನ್ನಷ್ಟೇ ಹೇಗೆ ಬದಲಿಸಬೇಕು ಎಂಬುದನ್ನು ಮನೆಯ ಮಾಲೀಕರಿಗೂ ಈ ಕೆಲಸಕ್ಕೆ ಹೊಸದಾಗಿ ಬರುವ ಎಂಜಿನಿಯರುಗಳಿಗೂ ಉಪಯೋಗವಾಗುವಂತೆ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮಾಲೀಕರು ಪರೀಕ್ಷೆಯನ್ನು ತಾವೇ ಮಾಡಬಹುದು; ಆದರೆ ತೊಲೆಗೆ ಗರಗಸ ಹಾಕುವ ಮುನ್ನ ಮರದ ಕೆಲಸ ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರ ಸಹಿ ಇರಲೇಬೇಕು.

ಮೊದಲ ಹೆಜ್ಜೆ: ತಲೆಯ ಮೇಲಿರುವುದು ಯಾವ ಬಗೆಯ ಚಾವಣಿ ಎಂದು ಗುರುತಿಸುವುದು

ಮರವಿದ್ದ ಮಾತ್ರಕ್ಕೆ ಅದು ಟ್ರಸ್ ಆಗುವುದಿಲ್ಲ. 1791ರಲ್ಲಿ ಪೂರ್ಣಗೊಂಡ ಟಿಪ್ಪು ಸುಲ್ತಾನನ ಬೆಂಗಳೂರಿನ ಬೇಸಿಗೆ ಅರಮನೆಯಲ್ಲಿ ಎತ್ತರದ ತೇಗದ ಕಂಬಗಳು, ಬೋದಿಗೆಗಳು, ತೊಲೆಗಳು ಇವೆ; ಅಲ್ಲಿ ಭಾರ ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ನೇರವಾಗಿ ಇಳಿಯುತ್ತದೆ. ಹಳೆಯ ತೊಟ್ಟಿ ಮನೆಗಳಲ್ಲಿ ಇಳಿಜಾರು ಚಾವಣಿಯಿದ್ದರೂ ಅದನ್ನು ಹೊತ್ತಿರುವುದು ಅಂಗಳದ ಸುತ್ತಲಿನ ಕಂಬಸಾಲು ಮತ್ತು ಹೊರಗೋಡೆ. ಮದ್ರಾಸ್ ತಾರಸಿಯೂ ಟ್ರಸ್ ಅಲ್ಲ. ಅದು ಮರದ ಜಂತೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆ ಹಾಕಿದ ಸಮತಟ್ಟಾದ ಚಾವಣಿ. ನಡುವೆ ಕಂಬವಿಲ್ಲದೆ ಎರಡು ಗೋಡೆಗಳ ನಡುವಿನ ಅಗಲವನ್ನು ತ್ರಿಕೋನವಾಗಿ ಹೆಣೆದ ಮರದ ಚೌಕಟ್ಟೇ ದಾಟಿದಾಗ ಅದನ್ನು ಟ್ರಸ್ ಎನ್ನುತ್ತೇವೆ. ನಮ್ಮ ಊರಿನ ಇಂಥ ಟ್ರಸ್ಸುಗಳು ಬಹುಪಾಲು 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶದ (ಬ್ರಿಟಿಷರ ಕಂಟೋನ್ಮೆಂಟಿನ) ಕಟ್ಟಡ ಪದ್ಧತಿಯಿಂದ ಬಂದವು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದು ಮದ್ರಾಸಿನ ಕಡೆಯಿಂದ ಭಾರವಾದ ಸರಕು ತರಲು ದಾರಿಯಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. 1898ರ ಪ್ಲೇಗಿನ ಸುತ್ತಮುತ್ತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಮಂಗಳೂರು ಹೆಂಚಿನ ಕೆಳಗೆ ಟ್ರಸ್ ಕೂರುವುದು ಈ ಕಾಲದ ಕಟ್ಟಡಗಳಲ್ಲಿ ಸಹಜವಾಯಿತು.

ಅಟ್ಟದ ಹಲಗೆಯನ್ನು ಸರಿಸಿ ಟಾರ್ಚ್ ಬಿಟ್ಟು ನೋಡಿದರೆ ಬಗೆ ಬೇಗ ತಿಳಿಯುತ್ತದೆ. ಎರಡು ಓರೆತೊಲೆಗಳು ನೆತ್ತಿಯಲ್ಲಿ ಸೇರಿ, ಅವುಗಳ ಬುಡಗಳನ್ನು ಒಂದು ಅಡ್ಡತೊಲೆ ಹಿಡಿದಿದ್ದು, ನೆತ್ತಿಯಿಂದ ಅಡ್ಡತೊಲೆಯ ನಡುವಿಗೆ ಒಂದೇ ಕಂಬ ಇಳಿದಿದ್ದರೆ ಅದು ಕಿಂಗ್ ಪೋಸ್ಟ್ ಟ್ರಸ್. ಸುಮಾರು 5ರಿಂದ 8 ಮೀಟರ್ ಅಗಲದ ಹಜಾರ, ವಾಸದ ಕೋಣೆಗಳಿಗೆ ಇದೇ ಹೆಚ್ಚು ಬಳಕೆಯಲ್ಲಿತ್ತು. ಒಂದರ ಬದಲು ಎರಡು ಕಂಬಗಳಿದ್ದು ಅವುಗಳ ತಲೆಗಳ ನಡುವೆ ಇನ್ನೊಂದು ಅಡ್ಡಮರ ಸಿಕ್ಕಿಸಿದ್ದರೆ ಅದು ಕ್ವೀನ್ ಪೋಸ್ಟ್ ಟ್ರಸ್. 8ರಿಂದ 12 ಮೀಟರ್ ಅಗಲದ ಶಾಲಾ ಸಭಾಂಗಣ, ಉಗ್ರಾಣ, ಪ್ರಾರ್ಥನಾ ಮಂದಿರಗಳಲ್ಲಿ ಇದು ಸಿಗುತ್ತದೆ. ಅಡ್ಡತೊಲೆಯೇ ಇಲ್ಲದೆ ಓರೆಮರಗಳ ಅರ್ಧ ಎತ್ತರದಲ್ಲಿ ಒಂದು ಅಡ್ಡಪಟ್ಟಿ ಮಾತ್ರ ಇದ್ದರೆ ಅದು ಕಾಲರ್ ಚಾವಣಿ. ಅದು ಚಿಕ್ಕ ಕೋಣೆಗಳಿಗೆ ಮಾತ್ರ ಸರಿ, ಮತ್ತು ಗೋಡೆಯನ್ನು ಹೊರಕ್ಕೆ ತಳ್ಳುವ ಸ್ವಭಾವ ಅದಕ್ಕೆ ಇದ್ದೇ ಇರುತ್ತದೆ.

ಬಲ ಹರಿಯುವ ದಾರಿಯನ್ನು ಅರ್ಥ ಮಾಡಿಕೊಳ್ಳುವುದು

ಹೆಂಚಿನ ಭಾರವನ್ನು ರೀಪುಗಳು ಹೊತ್ತು ಸಣ್ಣ ಓರೆಮರಗಳಿಗೆ ಕೊಡುತ್ತವೆ. ಅವು ಚಾವಣಿಯ ಉದ್ದಕ್ಕೂ ಮಲಗಿರುವ ಪರ್ಲಿನ್‌ಗಳಿಗೆ ಕೊಡುತ್ತವೆ. ಪರ್ಲಿನ್‌ಗಳು ಸುಮಾರು 3 ಮೀಟರಿಗೆ ಒಂದರಂತೆ ನಿಂತಿರುವ ಟ್ರಸ್ಸುಗಳ ಓರೆತೊಲೆಗಳ ಮೇಲೆ ಕೂರುತ್ತವೆ. ಭಾರ ಬಿದ್ದ ಓರೆತೊಲೆಗಳು ಕಾಲು ಜಾರಿಸಿ ಹೊರಕ್ಕೆ ಹೋಗಲು ನೋಡುತ್ತವೆ. ಆ ಎರಡು ಕಾಲುಗಳನ್ನೂ ಹಗ್ಗದಂತೆ ಬಿಗಿದು ಹಿಡಿಯುವುದೇ ಅಡ್ಡತೊಲೆಯ ಕೆಲಸ. ಆದ್ದರಿಂದ ಅಡ್ಡತೊಲೆಯ ಮುಖ್ಯ ಕೆಲಸ ಭಾರ ಹೊರುವುದಲ್ಲ, ಎಳೆತ ತಡೆಯುವುದು.

ನಡುಕಂಬದ ವಿಷಯದಲ್ಲಿ ಬಹುತೇಕ ಎಲ್ಲರೂ ತಪ್ಪು ತಿಳಿಯುತ್ತಾರೆ. ಅನುಭವಿ ಮೇಸ್ತ್ರಿಗಳೂ ಇದಕ್ಕೆ ಹೊರತಲ್ಲ. ಕಂಬವೆಂದ ಮೇಲೆ ಅದು ಮೇಲಿನ ಭಾರವನ್ನು ಕೆಳಗಿನ ತೊಲೆಗೆ ಇಳಿಸುತ್ತಿದೆ ಎಂದೇ ಕಣ್ಣಿಗೆ ಕಾಣುತ್ತದೆ. ವಾಸ್ತವವಾಗಿ ಕಿಂಗ್ ಪೋಸ್ಟ್ ನಿಂತಿರುವುದಲ್ಲ, ನೆತ್ತಿಯಿಂದ ತೂಗುಬಿದ್ದಿರುವುದು. ಅದರ ಬುಡದಿಂದ ಎರಡೂ ಕಡೆಗೆ ಹೋಗುವ ಓರೆಗಾಲುಗಳು ಓರೆತೊಲೆಯ ನಡುವನ್ನು ಎತ್ತಿ ಹಿಡಿಯುತ್ತವೆ. ಆ ಓರೆಗಾಲುಗಳ ಒತ್ತಡವನ್ನೂ ಅಡ್ಡತೊಲೆಯ ಸ್ವಂತ ಭಾರವನ್ನೂ ಕಂಬ ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಕಂಬದ ಬುಡಕ್ಕೆ ಅಡ್ಡತೊಲೆಯನ್ನು ಸುತ್ತುವರಿದ ಕಬ್ಬಿಣದ ಪಟ್ಟಿ ಇರುವುದು ಇದೇ ಕಾರಣಕ್ಕೆ. ಭಾರ ಕೆಳಗಿಳಿಯುತ್ತಿದ್ದರೆ ಆ ಪಟ್ಟಿಯ ಅಗತ್ಯವೇ ಇರುತ್ತಿರಲಿಲ್ಲ. ಇದನ್ನು ತಿಳಿಯದವರು ಅಡ್ಡತೊಲೆ ಬಾಗಿದೆಯೆಂದು ಅದರ ನಡುವಿಗೆ ಕೆಳಗಿನಿಂದ ಜಾಕಿ ಕೊಟ್ಟು ಎತ್ತಿಬಿಡುತ್ತಾರೆ. ಆಗ ಎಳೆತದಲ್ಲಿರಬೇಕಾದ ಕಂಬ ಒತ್ತಡಕ್ಕೆ ಸಿಕ್ಕಿ, ಬಿಗಿಯಾಗಿ ಕೂತಿದ್ದ ಕೂಡಿಕೆಗಳೆಲ್ಲ ಒಂದೊಂದಾಗಿ ಬಾಯಿಬಿಡುತ್ತವೆ. ತೊಲೆಯ ನಡು ಬಾಗಿದ್ದರೆ ಮೊದಲು ನೋಡಬೇಕಾದದ್ದು ಆ ಪಟ್ಟಿಯ ಬೋಲ್ಟು ಅಥವಾ ಬೆಣೆ ಸಡಿಲವಾಗಿದೆಯೇ ಎಂಬುದನ್ನು.

ಕ್ವೀನ್ ಪೋಸ್ಟ್ ಟ್ರಸ್ಸಿಗೆ ಇನ್ನೊಂದು ಎಚ್ಚರಿಕೆ ಬೇಕು. ಅದರ ಎರಡು ಕಂಬಗಳ ನಡುವಿನ ಜಾಗ ತ್ರಿಕೋನವಲ್ಲ, ಬರಿಯ ಆಯತ. ತ್ರಿಕೋನವನ್ನು ಮೂಲೆ ಮುರಿಯದೆ ಓಲಿಸಲಾಗದು, ಆಯತವನ್ನು ಓಲಿಸಬಹುದು. ಎರಡೂ ಇಳಿಜಾರಿನ ಮೇಲೆ ಸಮನಾದ ಭಾರವಿರುವ ತನಕ ಅದು ಸ್ಥಿರವಾಗಿರುತ್ತದೆ. ಒಂದು ಬದಿಯ ಹೆಂಚನ್ನೆಲ್ಲ ಇಳಿಸಿ ಇನ್ನೊಂದು ಬದಿಯದನ್ನು ಹಾಗೆಯೇ ಬಿಟ್ಟರೆ ಚೌಕಟ್ಟು ವಾಲುತ್ತದೆ. ಹೆಂಚು ಇಳಿಸುವಾಗ ಎರಡೂ ಕಡೆ ನಾಲ್ಕು ಸಾಲು, ನಾಲ್ಕು ಸಾಲು ಎಂದು ಸಮವಾಗಿ ಇಳಿಸಿಕೊಂಡು ಹೋಗಬೇಕು.

ಅಳೆಯುವುದು, ಬರೆದಿಡುವುದು

ಅಗಲವನ್ನು ಗೋಡೆಯ ಒಳಮುಖದಿಂದ ಒಳಮುಖಕ್ಕೆ ಮಾತ್ರವಲ್ಲದೆ ತೊಲೆಯ ಆಸರೆಯ ನಡುವಿನಿಂದ ನಡುವಿಗೂ ಅಳೆಯಿರಿ. ನೆತ್ತಿಯ ಎತ್ತರ, ಟ್ರಸ್ಸುಗಳ ಅಂತರ, ಪ್ರತಿ ಮರದ ಅಗಲ ಮತ್ತು ಎತ್ತರ, ಪರ್ಲಿನ್ ಕೂತಿರುವ ಜಾಗ, ಕಬ್ಬಿಣದ ಪಟ್ಟಿ ಮತ್ತು ಬೋಲ್ಟುಗಳ ಗಾತ್ರ ಇವಿಷ್ಟನ್ನೂ ಒಂದು ಹಾಳೆಯ ಮೇಲೆ ಕೈನಕ್ಷೆಯಾಗಿ ಬರೆದುಕೊಳ್ಳಬೇಕು. ಹಳೆಯ ಕೆಲಸ ಅಡಿ, ಅಂಗುಲದ ಲೆಕ್ಕದಲ್ಲಿ ನಡೆದದ್ದರಿಂದ 125 ಮಿಲಿಮೀಟರ್, 150 ಮಿಲಿಮೀಟರ್ ಆಸುಪಾಸಿನ ಅಳತೆ ಬಂದರೆ ಅದು ಮೂಲದಲ್ಲಿ 5 ಅಂಗುಲ, 6 ಅಂಗುಲ ಎಂದು ತಿಳಿಯಿರಿ; ಒಂದು ಟ್ರಸ್ ಮಾತ್ರ ಈ ಲೆಕ್ಕಕ್ಕೆ ಹೊಂದದಿದ್ದರೆ ಅದನ್ನು ನಂತರ ಬದಲಿಸಿರುವ ಸಂಭವವಿದೆ.

ಟ್ರಸ್ಸುಗಳಿಗೆ ಗೋಡೆಯ ಒಂದು ತುದಿಯಿಂದ ಕ್ರಮವಾಗಿ ಸಂಖ್ಯೆ ಕೊಡಿ. ಬಳಪದಿಂದ ಬರೆದರೆ ಸಾಕು, ಬಣ್ಣ ಬೇಡ. ಮರದ ಮೇಲೆ ಉಳಿಯಿಂದ ಕೊರೆದ ಗೆರೆಗಳು ಕಂಡರೆ ಅವನ್ನು ಹಾಗೆಯೇ ಬಿಟ್ಟು ಚಿತ್ರ ತೆಗೆದುಕೊಳ್ಳಿ; ನೆಲದ ಮೇಲೆ ಜೋಡಿಸಿ, ಬಿಚ್ಚಿ, ಮೇಲೇರಿಸುವಾಗ ಯಾವ ತುಂಡು ಯಾವುದಕ್ಕೆ ಸೇರಬೇಕೆಂದು ಬಡಗಿಗಳು ಮಾಡಿಕೊಂಡ ಗುರುತುಗಳು ಅವು. ಅವುಗಳನ್ನು ಉಜ್ಜಿ ಪಾಲಿಶ್ ಮಾಡಿದವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಕಟ್ಟಿದವರ ಕೈಬರಹವಾಗಿ ಉಳಿದಿರುವುದು ಅಷ್ಟೇ.

ಬಳಿಕ ಅಡ್ಡತೊಲೆಯ ಎರಡು ತುದಿಗಳ ನಡುವೆ ಬಿಗಿಯಾಗಿ ದಾರ ಕಟ್ಟಿ ನಡುವಿನ ಬಾಗನ್ನು ಅಳೆಯಿರಿ. ಗೋಡೆಯ ಹೊರಮುಖಕ್ಕೆ ತೂಗುಗುಂಡು ಬಿಟ್ಟು, ತೊಲೆ ಕೂರುವ ಮಟ್ಟದಲ್ಲಿ ಗೋಡೆ ಹೊರಗೆ ಎಷ್ಟು ವಾಲಿದೆ ಎಂಬುದನ್ನೂ ಬರೆದಿಡಿ. ಬಸವನಗುಡಿಯ ಒಂದು ಮನೆಯಲ್ಲಿ ನಾನು ತೂಗುಗುಂಡು ಬಿಟ್ಟಾಗ ಗೋಡೆಯ ತಲೆ ಒಂದು ಅಂಗುಲಕ್ಕಿಂತ ಹೆಚ್ಚು ಹೊರಬಂದಿತ್ತು. ಮನೆಯವರು ಅಡಿಪಾಯ ಕುಸಿದಿದೆಯೆಂದು ಹೆದರಿದ್ದರು. ಮೇಲೆ ಹತ್ತಿ ನೋಡಿದರೆ, ಅಟ್ಟದಲ್ಲಿ ಓಡಾಡಲು ತಲೆಗೆ ತಗಲುತ್ತದೆಂದು ಹಿಂದೆ ಯಾರೋ ಎರಡು ಟ್ರಸ್ಸುಗಳ ಅಡ್ಡತೊಲೆಯನ್ನು ನಡುವೆ ಕತ್ತರಿಸಿ ತೆಗೆದಿದ್ದರು. ಹಗ್ಗ ಕಡಿದ ಮೇಲೆ ಕಾಲುಗಳು ಹೊರಕ್ಕೆ ಹೋದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಮರವನ್ನು ಪರೀಕ್ಷಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಸಲಕರಣೆ ಹೆಚ್ಚೇನೂ ಬೇಕಿಲ್ಲ. ಒಳ್ಳೆಯ ಟಾರ್ಚು, ಮರದ ಹಿಡಿಯ ಸಣ್ಣ ಸುತ್ತಿಗೆ, ಮೊನೆಯಾದ ದಬ್ಬಳ, ಸಾಧ್ಯವಾದರೆ ತೇವ ಅಳೆಯುವ ಒಂದು ಮೀಟರು ಇದ್ದರೆ ಸಾಕು. ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ಒಂದು ಅಡಿಗೊಮ್ಮೆ ಮೆಲ್ಲಗೆ ತಟ್ಟಿಕೊಂಡು ಹೋಗಿ. ಗಟ್ಟಿ ಮರ ಕಣಕಣ ಎನ್ನುತ್ತದೆ; ಒಳಗೆ ಗೆದ್ದಲು ತಿಂದಿದ್ದರೆ ಡಬಡಬ ಎಂಬ ಪೊಳ್ಳು ಸದ್ದು ಬರುತ್ತದೆ. ದನಿ ಬದಲಾದ ಕಡೆ ದಬ್ಬಳವನ್ನು ನಾರಿಗೆ ಅಡ್ಡವಾಗಿ ಒತ್ತಿ ನೋಡಿ. ಒಳ್ಳೆಯ ತೇಗದಲ್ಲಿ ಅದು ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚು ಇಳಿಯುವುದಿಲ್ಲ. ಬೆಣ್ಣೆಗೆ ಇಳಿದಂತೆ ಇಳಿದರೆ ಅಲ್ಲಿ ಬಲವಿಲ್ಲ ಎಂದೇ ಲೆಕ್ಕ.

ನಮ್ಮ ಭಾಷೆಯಲ್ಲಿ ಮರದ ಒಳತಿರುಳಿಗೆ ಕೆಚ್ಚು ಎಂಬ ಹೆಸರಿದೆ. ತೇಗ, ಹೊನ್ನೆ, ಮತ್ತಿ ಮುಂತಾದ ಮರಗಳ ಕೆಚ್ಚಿನಲ್ಲಿರುವ ಸಹಜ ದ್ರವ್ಯಗಳು ಹುಳ ಮತ್ತು ಬೂಷ್ಟನ್ನು ತಡೆಯುತ್ತವೆ. ಕೆಚ್ಚಿನ ಹೊರಗಿನ ಬಿಳಿ ಮರಕ್ಕೆ ಆ ರಕ್ಷಣೆ ಇಲ್ಲ. ಹಾಗಾಗಿ ತೊಲೆಯ ಒಂದು ಅಂಚಿನಲ್ಲಿ ಮಾತ್ರ ಸಣ್ಣ ತೂತುಗಳು, ಹಿಟ್ಟಿನಂಥ ಪುಡಿ ಕಂಡರೆ ಗಾಬರಿಯಾಗಬೇಕಿಲ್ಲ. ಕೊರೆಯುವ ಹುಳು ಬಿಳಿ ಮರವನ್ನು ತಿಂದು ಕೆಚ್ಚಿನ ಗೆರೆಯಲ್ಲಿ ನಿಂತಿರುತ್ತದೆ. ತೂತಿನಿಂದ ಬಂದ ಪುಡಿ ಹೊಸದಾಗಿ ಬೆಳ್ಳಗಿದ್ದರೆ ಹುಳು ಇನ್ನೂ ಬದುಕಿದೆ. ಪುಡಿಯೇ ಇಲ್ಲದೆ ತೂತಿನೊಳಗೆ ಧೂಳು ಕಪ್ಪಾಗಿದ್ದರೆ ಅದು ಹಳೆಯ ಕಥೆ. ಗೆದ್ದಲಿನ ಸ್ವಭಾವ ಬೇರೆ. ಅದು ನೆಲದಿಂದ ಗೋಡೆಯೊಳಗಿನ ಮಣ್ಣಿನ ಗಾರೆಯ ಸಂದುಗಳಲ್ಲಿ ಮೇಲೇರಿ ತೊಲೆಯ ತುದಿಯನ್ನು ಹಿಂದಿನಿಂದ ಹಿಡಿಯುತ್ತದೆ. ಹೊರಮೈ ಹಾಗೆಯೇ ಉಳಿದು ಒಳಗು ಖಾಲಿಯಾಗಿರುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಗಳ ಮನೆಯಲ್ಲಿ ಪ್ರತಿ ತುದಿಯನ್ನೂ ನೋಡದೆ ಬಿಡಬಾರದು.

ತುದಿ ನೋಡಬೇಕೆಂದರೆ ತೊಲೆಯ ಪಕ್ಕದ ಒಂದೆರಡು ಇಟ್ಟಿಗೆಗಳನ್ನು ಜೋಪಾನವಾಗಿ ಬಿಚ್ಚಬೇಕು. ಅಲ್ಲಿ ಸಿಗುವ ಚಿತ್ರ ಬಹಳ ಸಲ ಒಂದೇ ಬಗೆಯದು. ಮೂಲದಲ್ಲಿ ಗಾರೆಯೊಳಗೆ ಸಡಿಲವಾಗಿ ಕೂತಿದ್ದ ತುದಿಗೆ, ಯಾವಾಗಲೋ ರಿಪೇರಿಯ ಹೆಸರಿನಲ್ಲಿ ಸುತ್ತ ಸಿಮೆಂಟು ಮೆತ್ತಿರುತ್ತಾರೆ. ಸುಣ್ಣದ ಗಾರೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಮರದ ಬಳಿಯೇ ಕೂಡಿಹಾಕುತ್ತದೆ. ಬೂಷ್ಟು ಬೆಳೆಯಲು ಮರದ ತೇವಾಂಶ ಸುಮಾರು ಶೇಕಡಾ 20ನ್ನು ದಾಟಬೇಕು. ಗಾಳಿಯಾಡುವ ಅಟ್ಟದಲ್ಲಿ ಇರುವ ಮರ ಅಷ್ಟು ಒದ್ದೆಯಾಗುವುದಿಲ್ಲ. ಸಿಮೆಂಟಿನ ಗೂಡಿನಲ್ಲಿ ಸಿಕ್ಕಿಕೊಂಡ ತುದಿ ಮಳೆಗಾಲ ಪೂರ್ತಿ ಒದ್ದೆಯಾಗಿರುತ್ತದೆ. ಎರಡು ಇಳಿಜಾರು ಕೂಡುವ ತಗ್ಗಿನಲ್ಲಿರುವ ತಗಡಿನ ದೋಣಿಯ ಕೆಳಗಿನ ತುದಿಗಳು, ಚಿಮಣಿಯ ಪಕ್ಕದವು, ಮತ್ತು ಮುಂಗಾರಿನ ಗಾಳಿಗೆ ಒಡ್ಡಿಕೊಂಡ ಪಶ್ಚಿಮ ಮತ್ತು ನೈಋತ್ಯದ ಗೋಡೆಯವು ಹೆಚ್ಚು ಕೆಟ್ಟಿರುತ್ತವೆ. ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸುವುದು ಜಾಣತನ.

ಮರದ ಜಾತಿ ಸ್ಪಷ್ಟವಾಗದಿದ್ದರೆ ಊಹೆಯ ಮೇಲೆ ನಡೆಯಬೇಡಿ. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ತಜ್ಞ ಸಂಸ್ಥೆ ನಮ್ಮ ಊರಿನಲ್ಲೇ ಇದೆ. ಬೆರಳಿನಷ್ಟು ತುಂಡಿನಿಂದಲೂ ಸೂಕ್ಷ್ಮದರ್ಶಕದಲ್ಲಿ ಮರದ ಜಾತಿಯನ್ನು ಗುರುತಿಸಲಾಗುತ್ತದೆ.

ಒಂದು ಲೆಕ್ಕ

6 ಮೀಟರ್ ಅಗಲದ, 30 ಡಿಗ್ರಿ ಇಳಿಜಾರಿನ, 3 ಮೀಟರಿಗೆ ಒಂದರಂತೆ ನಿಂತಿರುವ ಕಿಂಗ್ ಪೋಸ್ಟ್ ಟ್ರಸ್ಸನ್ನು ತೆಗೆದುಕೊಳ್ಳೋಣ. ಒಂದೊಂದು ಇಳಿಜಾರಿನ ಉದ್ದ ಸುಮಾರು 3.46 ಮೀಟರ್; ಎರಡೂ ಸೇರಿ ಒಂದು ಟ್ರಸ್ಸಿನ ಪಾಲಿಗೆ ಬರುವ ಚಾವಣಿ 20.8 ಚದರ ಮೀಟರ್. ಮಂಗಳೂರು ಹೆಂಚು ರೀಪು ಸಹಿತ ಚದರ ಮೀಟರಿಗೆ ಸುಮಾರು 65 ಕೆ.ಜಿ. ತೂಗುತ್ತದೆ. ಅದು 1,350 ಕೆ.ಜಿ. ಆಯಿತು. ಪರ್ಲಿನ್, ಓರೆಮರಗಳಿಗೆ ಚದರ ಮೀಟರಿಗೆ 20 ಕೆ.ಜಿ.ಯಂತೆ ಇನ್ನೊಂದು 415 ಕೆ.ಜಿ., ಟ್ರಸ್ಸಿನ ಸ್ವಂತ ತೂಕ 235 ಕೆ.ಜಿ. ಎಂದಿಟ್ಟುಕೊಂಡರೆ ಒಟ್ಟು 2,000 ಕೆ.ಜಿ. ಆಗುತ್ತದೆ.

ಪ್ರತಿ ಓರೆತೊಲೆಯನ್ನು ಓರೆಗಾಲು ನಡುವಿನಲ್ಲಿ ಹಿಡಿದಿರುವುದರಿಂದ ಈ ಭಾರ ನೆತ್ತಿಯಲ್ಲಿ 500, ಎರಡು ಓರೆತೊಲೆಗಳ ನಡುವಿನಲ್ಲಿ 500ರಂತೆ, ಎರಡು ಗೋಡೆಗಳ ಮೇಲೆ ನೇರವಾಗಿ 250ರಂತೆ ಹಂಚಿಹೋಗುತ್ತದೆ. ಒಂದು ಗೋಡೆ ಕೊಡುವ ಆಸರೆ 1,000 ಕೆ.ಜಿ.; ಅದರಲ್ಲಿ ನೇರವಾಗಿ ಇಳಿದ 250 ಕಳೆದರೆ ಓರೆತೊಲೆಯ ಬುಡಕ್ಕೆ ಬರುವುದು 750. ಇದನ್ನು 30 ಡಿಗ್ರಿಯ ಸೈನ್‌ನಿಂದ ಭಾಗಿಸಿದರೆ ಓರೆತೊಲೆಯ ಬುಡದ ಒತ್ತಡ 1,500 ಕೆ.ಜಿ.; ಟ್ಯಾನ್‌ನಿಂದ ಭಾಗಿಸಿದರೆ ಅಡ್ಡತೊಲೆಯ ಎಳೆತ ಸುಮಾರು 1,300 ಕೆ.ಜಿ. ಓರೆಗಾಲು ಒಂದರ ಒತ್ತಡ 500 ಕೆ.ಜಿ., ನಡುಕಂಬದ ಎಳೆತ 500 ಕೆ.ಜಿ. ರಿಪೇರಿಗೆ ಮೇಲೆ ಹತ್ತುವವರ ಭಾರಕ್ಕಾಗಿ, ಕಟ್ಟಡದ ಮೇಲೆ ಬೀಳುವ ಭಾರಗಳ ಭಾರತೀಯ ಸಂಹಿತೆಯಾದ ಐಎಸ್ 875 ಹೇಳುವಷ್ಟನ್ನು ಸೇರಿಸಿದರೆ ಈ ಅಂಕಿಗಳೆಲ್ಲ ಕಾಲುಭಾಗದಷ್ಟು ಏರುತ್ತವೆ. ಅಡ್ಡತೊಲೆಯನ್ನು ಕತ್ತರಿಸಿದರೆ ಆ 1,300 ಕೆ.ಜಿ. ಪೂರ್ತಿಯಾಗಿ ಗೋಡೆಯ ತಲೆಯ ಮೇಲೆ ಅಡ್ಡಲಾಗಿ ಬೀಳುತ್ತದೆ. ಬಸವನಗುಡಿಯ ಆ ಮನೆಯ ಗೋಡೆ ವಾಲಿದ್ದಕ್ಕೆ ಲೆಕ್ಕ ಇದೇ.

ಇನ್ನು ಆ ಎಳೆತವನ್ನು 125 ಮಿ.ಮೀ. ಅಗಲ, 150 ಮಿ.ಮೀ. ಎತ್ತರದ ಅಡ್ಡತೊಲೆಗೆ ಹಂಚಿದರೆ ಚದರ ಮಿಲಿಮೀಟರಿಗೆ ಬರುವುದು 0.7 ನ್ಯೂಟನ್ ಮಾತ್ರ. ಒಳ್ಳೆಯ ತೇಗ ಸುರಕ್ಷಿತವಾಗಿ ತಡೆಯಬಲ್ಲ ಎಳೆತದ ಹತ್ತರಲ್ಲೊಂದು ಭಾಗದ ಆಸುಪಾಸಿನ ಅಂಕಿಯಿದು. ಹಾಗಾದರೆ ಟ್ರಸ್ಸುಗಳು ಸೋಲುವುದಾದರೂ ಎಲ್ಲಿ? ಓರೆತೊಲೆಯ ಬುಡವನ್ನು ಅಡ್ಡತೊಲೆಯ ಕಚ್ಚಿನೊಳಗೆ ಕೂರಿಸಿರುತ್ತಾರಲ್ಲ, ಆ ಕಚ್ಚಿನ ಆಚೆ ತುದಿಯವರೆಗೆ ಉಳಿಯುವ ಮರ ಸಾಮಾನ್ಯವಾಗಿ ಒಂದು ಅಡಿಯಷ್ಟು. ಓರೆತೊಲೆಯ ತಳ್ಳುವಿಕೆಯನ್ನು ತಡೆಯುತ್ತಿರುವುದು ಆ ಒಂದು ಅಡಿ ಮರ ನಾರಿನುದ್ದಕ್ಕೆ ಸೀಳದೆ ನಿಂತಿರುವುದರಿಂದ. 300 ಮಿ.ಮೀ. ಉದ್ದವಿದ್ದಾಗ ಅದರ ಮೇಲಿನ ಕತ್ತರಿ ಬಲ ಚದರ ಮಿಲಿಮೀಟರಿಗೆ 0.35 ನ್ಯೂಟನ್. ತುದಿ ಕೊಳೆತು ಗಟ್ಟಿಮರ 75 ಮಿ.ಮೀ. ಮಾತ್ರ ಉಳಿದರೆ ಅದು ನಾಲ್ಕರಷ್ಟಾಗಿ 1.4 ನ್ಯೂಟನ್‌ಗೆ ಏರುತ್ತದೆ. ಮರ ನಾರಿನುದ್ದಕ್ಕೆ ತಡೆಯಬಲ್ಲ ಕತ್ತರಿ ಬಲದ ಸುರಕ್ಷಿತ ಮಿತಿಯ ಬಳಿಗೆ ಬಂದಂತೆ. ನಡುವಿನ ಹತ್ತಾರು ಅಡಿ ತೊಲೆ ಅದೆಷ್ಟು ಗಟ್ಟಿಯಿದ್ದರೂ ಈ ತುದಿ ಸೀಳಿದ ದಿನ ಟ್ರಸ್ ಬೀಳುತ್ತದೆ. ಮರದ ವಿನ್ಯಾಸದ ಸಂಹಿತೆಯಾದ ಐಎಸ್ 883ರಲ್ಲಿ ಆಯಾ ಜಾತಿಯ ಮರಕ್ಕೆ, ಅದರ ದರ್ಜೆಗೆ ತಕ್ಕ ಮಿತಿಗಳಿವೆ. ನಿಮ್ಮ ಎಂಜಿನಿಯರ್ ಈ ಬುಡದ ಕೂಡಿಕೆಯ ಲೆಕ್ಕವನ್ನು ಬೇರೆಯಾಗಿ ತೋರಿಸಿದ್ದಾರೆಯೇ ಎಂದು ಕೇಳಿ ನೋಡಿ.

ಆಸರೆ ಕೊಟ್ಟು ತುದಿಯನ್ನು ಬದಲಿಸುವುದು

ಸಂಕ್ರಾಂತಿ ಕಳೆದ ಮೇಲೆ ಕೆಲಸ ಹಿಡಿದು ಯುಗಾದಿಯೊಳಗೆ ಹೆಂಚು ಹೊದಿಸಿ ಮುಗಿಸುವಂತೆ ಯೋಜಿಸಿಕೊಳ್ಳಿ. ಜನವರಿ, ಫೆಬ್ರವರಿಯಲ್ಲಿ ಬೆಂಗಳೂರಿಗೆ ಮಳೆ ಅತಿ ಕಡಿಮೆ. ಏಪ್ರಿಲ್ ಬಂದರೆ ಗುಡುಗು ಮಳೆ, ಆಲಿಕಲ್ಲು ಹೇಳಿ ಕೇಳಿ ಬರುವುದಿಲ್ಲ. ಕಟ್ಟಡ ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಒಂದು ಹೆಂಚನ್ನೂ ಮುಟ್ಟುವಂತಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿನ ಖಾಸಗಿ ಮನೆಯ ದುರಸ್ತಿಗೂ ಅನುಮತಿ ಬೇಕಾಗುತ್ತದೆ.

ಒಂದು ಸಲಕ್ಕೆ ಒಂದೇ ಟ್ರಸ್ಸನ್ನು ಕೈಗೆತ್ತಿಕೊಳ್ಳಿ. ಅದರ ಪಾಲಿನ ಹೆಂಚುಗಳನ್ನು ಎರಡೂ ಕಡೆಯಿಂದ ಸಮನಾಗಿ ಇಳಿಸಿದ ಬಳಿಕ, ಕೆಟ್ಟ ತುದಿಯ ಕಡೆ ಗೋಡೆಯಿಂದ ಒಂದು ಮೀಟರಿನಷ್ಟು ಒಳಗೆ ಅಡ್ಡತೊಲೆಗೂ, ಪರ್ಲಿನ್ ಕೂತಿರುವ ಜಾಗದಲ್ಲಿ ಓರೆತೊಲೆಗೂ ಆಸರೆ ಕೊಡಬೇಕು. ಕಬ್ಬಿಣದ ಜಾಕಿ ಉತ್ತಮ. ಸರ್ವೆ ಮರದ ಗಳುಗಳನ್ನು ಬಳಸಿದರೆ ಬುಡಕ್ಕೆ ಹಲಗೆ ಹಾಸಿ ಬೆಣೆಯಿಂದ ಬಿಗಿಮಾಡಿ, ಏಕೆಂದರೆ ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ ಒತ್ತಡಕ್ಕೆ ಬಿರುಕು ಬಿಡುತ್ತದೆ. ಇದರ ಜೊತೆಗೆ ಮರೆಯಬಾರದ ಇನ್ನೊಂದು ಕೆಲಸವೆಂದರೆ ಓರೆತೊಲೆಗಳ ಎರಡು ಬುಡಗಳ ನಡುವೆ ಉಕ್ಕಿನ ಹಗ್ಗ ಮತ್ತು ಟರ್ನ್‌ಬಕಲ್‌ನಿಂದ (ತಿರುಗಿಸಿ ಹಗ್ಗ ಬಿಗಿಮಾಡುವ ತಿರುಪು) ತಾತ್ಕಾಲಿಕ ಬಿಗಿತ ಕೊಡುವುದು. ಕೆಳಗಿನಿಂದ ಎಷ್ಟೇ ಆಸರೆ ಕೊಟ್ಟರೂ ಅದು ಭಾರ ಹೊರುತ್ತದೆಯೇ ಹೊರತು ಎಳೆತವನ್ನು ತಡೆಯುವುದಿಲ್ಲ. ಚಾವಣಿಯನ್ನು ಎತ್ತಬೇಡಿ; ಇದ್ದ ಮಟ್ಟದಲ್ಲಿ ಹಿಡಿದಿಟ್ಟರೆ ಸಾಕು. ಹಳೆಯ ಬಾಗನ್ನು ನೇರ ಮಾಡುವ ಆಸೆಗೆ ಬಿದ್ದರೆ ಗೋಡೆಯ ಗಾರೆ ಬಿರಿಯುತ್ತದೆ.

ಈಗ ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ ತೆಗೆಯಬಹುದು. ಹೊಸ ತುಂಡನ್ನು ಹಳೆಯದಕ್ಕೆ ಉದ್ದನೆಯ ಓರೆ ಕೂಡಿಕೆಯಿಂದ ಸೇರಿಸಬೇಕು; ಕೂಡಿಕೆಯ ಉದ್ದ ತೊಲೆಯ ಎತ್ತರದ ನಾಲ್ಕರಷ್ಟಾದರೂ ಇರಲಿ, ಎರಡು ಮುಖಗಳ ನಡುವೆ ಒಂದು ಕಚ್ಚು ಮತ್ತು ಗಟ್ಟಿಮರದ ಬೆಣೆ ಇರಲಿ, ಮೇಲೆ 12 ಮಿ.ಮೀ.ನ ಸ್ಟೇನ್‌ಲೆಸ್ ಬೋಲ್ಟುಗಳು ಅಗಲವಾದ ವಾಷರ್ ಸಹಿತ ಬರಲಿ. ಎಷ್ಟೇ ಚೆನ್ನಾಗಿ ಮಾಡಿದರೂ ಇಂಥ ಕೂಡಿಕೆಗೆ ಅಖಂಡ ತೊಲೆಯ ಬಲದ ಒಂದು ಪಾಲು ಮಾತ್ರ ಬರುತ್ತದೆ. ಆದರೆ ತೊಲೆಯಲ್ಲಿ ಇರುವ ಎಳೆತವೇ ಅದರ ಶಕ್ತಿಯ ಹತ್ತರಲ್ಲೊಂದು ಭಾಗವೆಂದು ಮೇಲೆ ಲೆಕ್ಕ ಹಾಕಿದ್ದೇವೆ. ಆದ್ದರಿಂದ ಈ ಪಾಲು ಧಾರಾಳವಾಗಿ ಸಾಲುತ್ತದೆ. ಲೆಕ್ಕ ಮಾಡದವರು ಇಡೀ ತೊಲೆಯನ್ನೇ ಬದಲಿಸಲು ಹೇಳುವುದು ಇದು ಗೊತ್ತಿಲ್ಲದ ಕಾರಣಕ್ಕೆ.

ಹೊಸ ತುಂಡು ಅದೇ ಜಾತಿಯ ಮರದ ಕೆಚ್ಚಿನದೇ ಆಗಿರಲಿ, ಚೆನ್ನಾಗಿ ಒಣಗಿರಲಿ. ತೇವಾಂಶ ಶೇಕಡಾ 12ರ ಆಸುಪಾಸಿನಲ್ಲಿರಬೇಕು. ಹಸಿ ಮರ ಹಾಕಿದರೆ ಎರಡು ಬೇಸಿಗೆಯೊಳಗೆ ಅದು ಕುಗ್ಗಿ ಬೋಲ್ಟು ಸಡಿಲವಾಗುತ್ತದೆ. ಹಳೆಯ ಮನೆಗಳಿಂದ ಬಿಚ್ಚಿದ ತೇಗ ನಗರದ ಮರದ ಮಂಡಿಗಳಲ್ಲಿ ಸಿಗುವುದುಂಟು. ದಶಕಗಳ ಕಾಲ ಒಣಗಿದ ಅಂಥ ಮರ ಇಂಥ ಕೆಲಸಕ್ಕೆ ಹೊಸ ಮರಕ್ಕಿಂತ ಮೇಲು. ಮೊಳೆ ತೂತುಗಳು ಕೂಡಿಕೆಯ ಜಾಗಕ್ಕೆ ಬಾರದಂತೆ ನೋಡಿಕೊಂಡರೆ ಆಯಿತು. ಗೋಡೆಯೊಳಗೆ ಹೋಗುವ ಭಾಗಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಚೆನ್ನಾಗಿ ಕುಡಿಸಿ. ಅದು ಮಳೆನೀರಿಗೆ ಕರಗಿಹೋಗುವ ಔಷಧ, ಹಾಗಾಗಿ ಚಾವಣಿಯ ಒಳಗಿನ ಮರಕ್ಕೆ ಮಾತ್ರ ಸರಿ. ವಾಹನದ ಬಳಸಿದ ಎಣ್ಣೆಯನ್ನು ಬಳಿಯುವ ರೂಢಿ ಇದೆ. ಅದು ಬೆಂಕಿಗೆ ಆಹಾರ, ಬೇಡ.

ತುದಿಯನ್ನು ಗೋಡೆಯ ಮೇಲೆ ಇಡುವಾಗ ಅದರ ಕೆಳಗೆ ಒಂದು ಹಾಸುಗಲ್ಲು ಹಾಕಿ, ಮೂರು ಪಕ್ಕ ಮತ್ತು ಹಿಂಬದಿಯಲ್ಲಿ ಒಂದು ಅಂಗುಲ ಗಾಳಿ ಆಡಲು ಬಿಡಿ. ಸಂದನ್ನು ಸಿಮೆಂಟಿನಿಂದ ಮುಚ್ಚಬೇಡಿ. ಇಲಿ, ಅಳಿಲು ಬಾರದಂತೆ ಸಣ್ಣ ಕಣ್ಣಿನ ಜಾಲರಿ ಹಾಕಬಹುದು. ಕೊಳೆತ ತುದಿಯನ್ನು ಹಾಗೆಯೇ ಇಟ್ಟು ಎಪಾಕ್ಸಿ ತುಂಬುವ ವಿಧಾನವನ್ನು ಕೆಲವರು ಸೂಚಿಸುತ್ತಾರೆ. ಗೋಡೆಯೊಳಗೆ ಹುದುಗುವ ತುದಿಗೆ ಅದನ್ನು ನಾನು ಒಪ್ಪುವುದಿಲ್ಲ. ಎಪಾಕ್ಸಿಯ ಹಿಂದೆ ತೇವ ಕೂತು ಕೊಳೆಯುವಿಕೆ ಮುಂದುವರಿದರೂ ಹೊರಗಿನಿಂದ ಕಾಣುವುದಿಲ್ಲ. ಹಳೆಯ ಕಬ್ಬಿಣದ ಪಟ್ಟಿಗಳನ್ನು ಎಸೆಯದೆ, ತಂತಿ ಬ್ರಷ್‌ನಿಂದ ತುಕ್ಕು ತೆಗೆದು ಪ್ರೈಮರ್ ಹಚ್ಚಿ ಮತ್ತೆ ಬಿಗಿಯಿರಿ.

ಹೆಂಚೇ ಇರಲಿ

ಮರ ಸರಿಹೋದ ಮೇಲೆ ಹೆಂಚಿನ ಬದಲು ತಗಡಿನ ಶೀಟು ಹಾಕಿಬಿಟ್ಟರೆ ಭಾರ ಕಡಿಮೆಯಾಗುತ್ತದೆಂದು ಹೇಳುವವರಿದ್ದಾರೆ. ಐಎಸ್ 875ರ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದರೆ 65 ಕೆ.ಜಿ.ಯಷ್ಟು ಒತ್ತಡ. ಕಟ್ಟಡದ ಎತ್ತರ, ಸುತ್ತಲಿನ ಕಟ್ಟಡಗಳು, ಇಳಿಜಾರಿನ ಕೋನ ಇವುಗಳಿಗೆ ತಕ್ಕಂತೆ ಈ ಅಂಕಿ ಬದಲಾಗುತ್ತದೆ. ಆದರೂ ಹೆಂಚಿನ ತೂಕವೂ ಗಾಳಿಯ ಮೂಲ ಒತ್ತಡವೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಗಮನಿಸಬೇಕು. ಗಾಳಿ ಚಾವಣಿಯನ್ನು ಮೇಲಕ್ಕೆ ಹೀರುವಾಗ ಅದನ್ನು ಕೆಳಗೆ ಹಿಡಿದಿರುವುದು ಹೆಂಚಿನ ತೂಕವೇ. ಚದರ ಮೀಟರಿಗೆ 5 ಕೆ.ಜಿ. ತೂಗುವ ಶೀಟು ಹಾಕಿದ ದಿನದಿಂದ ಟ್ರಸ್ಸನ್ನು ಗೋಡೆಗೆ ಕಬ್ಬಿಣದಿಂದ ಬಿಗಿದು ಕಟ್ಟದಿದ್ದರೆ ಬೇಸಿಗೆಯ ಒಂದು ಬಿರುಗಾಳಿಗೆ ಚಾವಣಿ ಏಳಬಹುದು. ಸಂಪಿನಿಂದ ನೀರೇರಿಸುವ ಟ್ಯಾಂಕನ್ನೂ ಸೋಲಾರ್ ಹೀಟರನ್ನೂ ಟ್ರಸ್ಸಿನ ಮೇಲೆ ಇಡಬಾರದು ಎಂಬುದಕ್ಕೆ ವಿವರಣೆ ಬೇಕಿಲ್ಲ: 500 ಲೀಟರಿನ ಒಂದು ಟ್ಯಾಂಕು ಮೇಲಿನ ಟ್ರಸ್ಸಿನ ಒಟ್ಟು ಭಾರದ ಕಾಲುಭಾಗ.

ಹೊಸ ರೀಪು ಹೊಡೆಯುವ ಮುನ್ನ ನಿಮ್ಮಲ್ಲಿರುವ ಹೆಂಚುಗಳನ್ನೇ ನಾಲ್ಕೈದು ಸಾಲು ಜೋಡಿಸಿ ಅಂತರವನ್ನು ಅಳೆದುಕೊಳ್ಳಿ; ಬೇರೆ ಬೇರೆ ಕಾರ್ಖಾನೆಯ ಹೆಂಚುಗಳು ಒಂದಕ್ಕೊಂದು ಕೂರುವುದಿಲ್ಲ. ಒಡೆದವನ್ನು ಬದಲಿಸಲು ಅದೇ ಗುರುತಿನ ಹೆಂಚು ಬೇಕಾದ್ದರಿಂದ ಇಳಿಸಿದವುಗಳಲ್ಲಿ ಐವತ್ತನ್ನಾದರೂ ಹಿತ್ತಲಲ್ಲಿ ನಿಲ್ಲಿಸಿಟ್ಟುಕೊಳ್ಳಿ. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಆಗಸ್ಟಿನ ದೊಡ್ಡ ಮಳೆಗಳ ಮೊದಲು ಇನ್ನೊಮ್ಮೆ ತಗಡಿನ ದೋಣಿಗಳಲ್ಲಿ ತುಂಬಿದ ಎಲೆಗಳನ್ನು ತೆಗೆಸಿ. ಹೊಸ ಕೂಡಿಕೆಯ ಬೋಲ್ಟುಗಳನ್ನು ಮೊದಲ ಬೇಸಿಗೆ ಕಳೆದ ಮೇಲೆ ಸ್ಪ್ಯಾನರ್ ಹಾಕಿ ಮತ್ತೊಮ್ಮೆ ಬಿಗಿಯಿಸಿ, ಅದೇ ದಿನ ತುದಿಗಳ ತೇವಾಂಶವನ್ನು ಅಳೆದು, ಟ್ರಸ್ಸಿನ ಸಂಖ್ಯೆಯ ಎದುರು ತಾರೀಖು ಸಹಿತ ನಕ್ಷೆಯ ಹಾಳೆಯಲ್ಲಿ ಬರೆದಿಡಿ.